ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮುಗ್ಸಿ ಮೆಡಿಕಲ್ ಶಾಪಲ್ಲಿದೀನಿ, ಮುಂದೆ ಏನು ಮಾಡ್ಬಹುದು?

ಓದು ನಿಲ್ಲಿಸ್ಬೇಡಿ. ಡಿ.ಫಾರ್ಮ ಆದವ್ರಿಗೆ ಬಿ.ಫಾರ್ಮ ಡಿಗ್ರಿಯ ಎರಡನೇ ವರ್ಷಕ್ಕೇ ಲ್ಯಾಟರಲ್ ಎಂಟ್ರಿ ಇದೆ, ಅಂದ್ರೆ 4 ವರ್ಷದ ಕೋರ್ಸು 3 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಜಿಪ್ಯಾಟ್ ಅನ್ನೋ ಎಂಟ್ರೆನ್ಸ್ ಪರೀಕ್ಷೆ ಬರೆದು ಎಂ.ಫಾರ್ಮ (ಮಾಸ್ಟರ್ಸ್) ಮಾಡಿದ್ರೆ ಕಂಪನಿ, ಲ್ಯಾಬು, ಟೀಚಿಂಗು ಎಲ್ಲಾ ಕಡೆ ದಾರಿ ಇದೆ. ವಾರ್ಡಲ್ಲಿ ಡಾಕ್ಟ್ರ ಜೊತೆ ಕೆಲಸ ಮಾಡೋ ಆಸೆ ಇದ್ರೆ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ನೋಡಿ, ಆದ್ರೆ 6 ವರ್ಷ, ಕೊನೇ ವರ್ಷ ಪೂರ್ತಿ ಇಂಟರ್ನ್‌ಶಿಪ್, ಮನೆ ಖರ್ಚು ನೋಡ್ಕೊಂಡು ಸೇರಿ. ಫಾರ್ಮಸಿ ಕೌನ್ಸಿಲ್ ರಿಜಿಸ್ಟ್ರೇಷನ್ ರಿನ್ಯೂವಲ್ ಮಾತ್ರ ಮರೀಬೇಡಿ.

ಕೌಂಟರಲ್ಲೂ ಕಲಿಯೋದು ಬೇಕಾದಷ್ಟಿದೆ. ನಾನು ಹೊಸದಾಗಿ ಸೇರಿದಾಗ ಒಬ್ರು ಅಜ್ಜಿ ಇನ್ಸುಲಿನ್ ತಗೊಂಡೋಗಿ ಫ್ರೀಜರಲ್ಲಿ ಇಟ್ಬಿಟ್ಟಿದ್ರು, ಹೆಪ್ಪುಗಟ್ಟಿದ್ರೆ ಅದನ್ನ ಬಿಸಾಕೋದೇ, 2ರಿಂದ 8 ಡಿಗ್ರಿಲಿ ಫ್ರಿಜ್ಜಿನ ಕೆಳಗಡೆ ಇಡಿ ಅಜ್ಜಿ ಅಂತ ನಾನೇ ಹೇಳ್ಬೇಕಿತ್ತು. ಅವತ್ತಿಂದ ಹೇಳ್ದೆ ಕೊಡಲ್ಲ.