ಒಂಬತ್ತು ಗೊಂಪಾ ಬೇಡ ಅಕ್ಕೋರೇ, ಮೂರು ಸಾಕು

ಕುಮಟಾದ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಮುಂದಿನ ವರ್ಷ ಯಜಮಾನರ ಜೊತೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಅಲ್ಲಿಯ ಗೊಂಪಾಗಳನ್ನು, ಅಂದರೆ ಬೌದ್ಧ ಮಠಗಳನ್ನು, ಕಾಣಬೇಕೆಂಬುದು ಅವರ ಆಸೆ. ಟೂರಿನವರು ಮನಾಲಿಯಿಂದ ಹೊರಟು ಆರು ದಿನದಲ್ಲಿ ಒಂಬತ್ತು ಗೊಂಪಾ ತೋರಿಸುತ್ತೇವೆ ಎಂದಿದ್ದಾರಂತೆ. ಯಜಮಾನರಿಗೆ ಬಿಪಿ ಇದೆ. ಕೊನೆಯಲ್ಲೊಂದು ಪ್ರಶ್ನೆ: "ಗೋಕರ್ಣದ ಮಹಾಬಲೇಶ್ವರನಿಗೆ ನಡೆದುಕೊಳ್ಳುವ ನಾವು ಅಲ್ಲಿ ಕೈಮುಗಿದರೆ ಅದು ಯಾತ್ರೆಯಾಗುತ್ತದೋ, ಬರೀ ನೋಡಿ ಬಂದಂತಾಗುತ್ತದೋ?"

ಅಕ್ಕೋರೇ,

ಮೊದಲು ದಾರಿಯ ಮಾತು, ಯಾಕೆಂದರೆ ಅಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಮೊದಲ ಸಲ ನಾನೂ ಮನಾಲಿಯಿಂದಲೇ ಹೋದೆ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ 4,500 ಮೀಟರಿಗೂ ಎತ್ತರದ ಕುಂಜುಮ್ ಕಣಿವೆದಾರಿ ದಾಟಿ, ರಾತ್ರಿ 3,600 ಮೀಟರಿಗೂ ಮೇಲಿರುವ ಕಾಜಾದಲ್ಲಿ ಮಲಗಿದೆ. ಮಲಗಿದೆ ಎಂಬುದು ಹೆಸರಿಗೆ. ತಲೆ ಸಿಡಿಯುತ್ತಿತ್ತು, ನೀರು ಕುಡಿದರೂ ವಾಂತಿ. ಮರುದಿನ 4,166 ಮೀಟರ್ ಎತ್ತರದ ಕೀ ಗೊಂಪಾದ ಅಂಗಳದಲ್ಲಿ ಹತ್ತು ನಿಮಿಷ ಕೂತು ಇಳಿದುಬಿಟ್ಟೆ. ಒಳಗೆ ಏನಿತ್ತೋ ನೆನಪಿಲ್ಲ.

ಕಡಲ ಮಟ್ಟದಲ್ಲಿ ಉಸಿರಾಡಿದವರು ನಾವು. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಶಿಮ್ಲಾ ದಾರಿ ಹಿಡಿಯಿರಿ. ಸಟ್ಲೆಜ್ ನದಿಯ ಗುಂಟ ಏರಿ ಕಿನ್ನೌರಿನ ಕಲ್ಪಾದಲ್ಲಿ ಎರಡು ರಾತ್ರಿ, ಆಮೇಲೆ ತಾಬೋದಲ್ಲಿ ಮೂರು ರಾತ್ರಿ, ಕೊನೆಗೆ ಕಾಜಾ. ಹೋಗಿಬರಲು ಹನ್ನೆರಡು ದಿನವಾದರೂ ಬೇಕು. ಮಳೆಗಾಲದಲ್ಲಿ ಕಿನ್ನೌರಿನ ರಸ್ತೆಯ ಮೇಲೆ ಗುಡ್ಡ ಜರಿಯುತ್ತದೆ, ಹಾಗಾಗಿ ಚೌತಿ ಮುಗಿಸಿ ಹೊರಡಿ. ಯಜಮಾನರ ಬಿಪಿ ಮಾತ್ರೆಯ ವಿಷಯವನ್ನೂ ಎತ್ತರಕ್ಕೆ ಕೊಡುವ ಡೈಮಾಕ್ಸ್ ಮಾತ್ರೆಯ ವಿಷಯವನ್ನೂ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ. ಮೇಲೆ ಹೋದಾಗ ತಲೆನೋವು ಬಿಡದಿದ್ದರೆ ಕೂಡಲೇ ಕೆಳಗಿಳಿಯಿರಿ. ಅಷ್ಟು ದೂರ ಬಂದು ಹೇಗೆ ವಾಪಸಾಗುವುದು ಎಂದು ದಯವಿಟ್ಟು ಹಟ ಹಿಡಿಯಬೇಡಿ.

ಒಂಬತ್ತು ಗೊಂಪಾ ಬೇಡ. ತಾಬೋ, ಧನಕರ್, ಕೀ, ಈ ಮೂರು ಸಾಕು. ಎರಡೇ ಆಗುವುದಾದರೆ ಕೀ ಬಿಡಿ, ತಾಬೋ ಬಿಡಬೇಡಿ.

ಎರಡನೇ ಸಲ ಹೋದಾಗ ನಾನು ತಾಬೋದಲ್ಲಿ ನಾಲ್ಕು ದಿನ ಇದ್ದೆ. 996ರಲ್ಲಿ ಕಟ್ಟಿದ್ದು ಅದು. ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಯೇಶೆ ಓ ಎಂಬ ದೊರೆ ಕಟ್ಟಿಸಿದ. ಹೊರಗಿನಿಂದ ನೋಡಿದರೆ ನಿಮಗೆ ಬೇಸರವೇ ಆದೀತು: ಗದ್ದೆಯ ಅಂಚಿನಲ್ಲಿ ಬಿಟ್ಟ ಮಣ್ಣಿನ ಗೋಡೆಗಳ ಹಾಗೆ ಕಾಣುತ್ತದೆ. ಲಾಮಾ ಬಂದು ಬೀಗ ತೆಗೆದರು. ಒಳಗೆ ಕತ್ತಲು. ಕಾಲಡಿಯ ನೆಲ ಮಂಜುಗಡ್ಡೆಯಷ್ಟು ತಣ್ಣಗೆ. ಎರಡು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಗೋಡೆಯಿಂದ ಒಬ್ಬೊಬ್ಬರಾಗಿ ಮುಂದೆ ಬಂದರು. ಮಣ್ಣಿನಲ್ಲಿ ಮಾಡಿದ 32 ದೇವತೆಗಳು, ನಮ್ಮ ತಲೆಗಿಂತ ಮೇಲೆ, ಸುತ್ತಲೂ, ಗಾಳಿಯಲ್ಲಿ ಕೂತ ಹಾಗೆ. ನಡುವೆ ನಾಲ್ಕು ಮೈಯ ವೈರೋಚನ ಬುದ್ಧ, ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕು ನೋಡುತ್ತಾನೆ. ಗೇರುಸೊಪ್ಪೆಯ ಚತುರ್ಮುಖ ಬಸದಿಯಲ್ಲಿ ನಿಂತವರಿಗೆ ಆ ನಿಲುವು ಹೊಸದಲ್ಲ. ಫೋಟೋ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದು. ಸಣ್ಣ ಟಾರ್ಚ್ ಒಯ್ಯಿರಿ, ಆದರೆ ಅದನ್ನು ಹಚ್ಚುವ ಮೊದಲು ಕತ್ತಲಿಗೆ ಕಣ್ಣು ಒಗ್ಗಲಿ.

ಗೋಡೆ ಮುಟ್ಟಬೇಡಿ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಕೆ ಸೋಗೆ ಕಟ್ಟುತ್ತಿದ್ದರಲ್ಲ, ಅಲ್ಲಿ ಆ ರೂಢಿಯೇ ಇಲ್ಲ, ಯಾಕೆಂದರೆ ಮಳೆ ತೀರಾ ಅಪರೂಪವಾಗಿತ್ತು. ಸಾವಿರ ವರ್ಷ ಮಣ್ಣು ನಿಂತದ್ದು ಅದರಿಂದ. ಈಗ ಅಲ್ಲೂ ಮಳೆ ಹೆಚ್ಚತೊಡಗಿದೆ. ಚಿತ್ರಗಳ ಮೇಲೆ ನೀರು ಇಳಿದ ಗೆರೆಗಳನ್ನು ಕಂಡಾಗ ನನಗೆ ಹೊಟ್ಟೆ ಹಿಂಡಿದಂತಾಯಿತು.

ಇನ್ನು ನಿಮ್ಮ ಪ್ರಶ್ನೆ. ಅಲ್ಲಿ ಯಾರೂ ಗೋತ್ರ ಕೇಳುವುದಿಲ್ಲ. ಪ್ರದಕ್ಷಿಣೆ ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. ಕೈಮುಗಿಯಿರಿ, ತುಪ್ಪದ ದೀಪ ಹಚ್ಚಿಸಿ, ಯಾತ್ರೆಯೇ ಅದು. ಅದೂ ಅಲ್ಲದೆ ಬುದ್ಧನ ಈ ದಾರಿ ನಮ್ಮ ಜಿಲ್ಲೆಗೆ ಪರಕೀಯವೇನಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷು ಧರ್ಮ ಹೇಳಲು ವನವಾಸಕ್ಕೆ ಬಂದನೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಅದು ನಮ್ಮ ಬನವಾಸಿಯ ಸೀಮೆ. ಮಧುಕೇಶ್ವರನ ಗುಡಿಯಲ್ಲಿರುವ ಐದು ಹೆಡೆಯ ನಾಗಶಿಲೆಯನ್ನು ನೀವು ಮಕ್ಕಳಿಗೆ ತೋರಿಸಿಯೇ ಇರುತ್ತೀರಿ. ಅದರ ಅಂಚಿನ ಪ್ರಾಕೃತ ಬರಹ ನಾಗನ ಜೊತೆಗೆ ಒಂದು ಕೆರೆಯನ್ನೂ ಒಂದು ವಿಹಾರವನ್ನೂ, ಅಂದರೆ ಭಿಕ್ಷುಗಳು ಇರುವ ಮಠವನ್ನೂ, ದಾನ ಕೊಟ್ಟದ್ದನ್ನು ಹೇಳುತ್ತದೆ. ಮಹಾರಾಷ್ಟ್ರದ ಕಾರ್ಲೆಯಲ್ಲಿ ಬಂಡೆ ಕೊರೆದು ಮಾಡಿದ ದೊಡ್ಡ ಬೌದ್ಧ ಚೈತ್ಯ ಇದೆಯಲ್ಲ, ಅದನ್ನು ಮುಗಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ. ಜಂಬೂದ್ವೀಪದಲ್ಲೇ ಉತ್ತಮವಾದ ಶೈಲಗೃಹ ಎಂದು ಹೆಮ್ಮೆಯಿಂದ ಕೆತ್ತಿಸಿದ್ದಾನೆ. ವೈಜಯಂತಿ ಅಂದರೂ ಬನವಾಸಿಯೇ.

ಹಾಗಾಗಿ ಒಂದು ಕೋರಿಕೆ. ಸ್ಪಿತಿಗೆ ಮೊದಲು ಮುಂಡಗೋಡಕ್ಕೆ ಹೋಗಿಬನ್ನಿ. ದೇವಿಮನೆ ಘಾಟಿ ಹತ್ತಿ ಶಿರಸಿ ದಾಟಿದರೆ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಟಿಬೇಟಿಯನ್ ಕಾಲೊನಿಯಲ್ಲಿರುತ್ತೀರಿ. ಲಾಸಾ ಬಳಿ 1409ರಲ್ಲಿ ಹುಟ್ಟಿದ ಗಾಂದೆನ್, 1416ರ ಡ್ರೆಪುಂಗ್, ಎರಡೂ ಮಠಗಳು ಊರು ಬಿಟ್ಟು ಬಂದು ನಮ್ಮ ಜೋಳದ ಹೊಲಗಳ ನಡುವೆ ಮತ್ತೆ ನಿಂತಿವೆ. ಭಿಕ್ಷುಗಳು ಅಂಗಳದಲ್ಲಿ ತರ್ಕ ಮಾಡುವ ಹೊತ್ತನ್ನು ಕೇಳಿಕೊಂಡು ಹೋಗಿ. ಪ್ರಶ್ನೆ ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ಕೂತಿರುತ್ತಾನೆ. ಪ್ರಶ್ನೆ ಮುಗಿಯುತ್ತಲೇ ನಿಂತವನು ಕಾಲೆತ್ತಿ ನೆಲಕ್ಕೆ ಬಡಿದು, ಅಂಗೈಗೆ ಅಂಗೈ ಹೊಡೆಯುತ್ತಾನೆ. ಭಾಷೆ ಒಂದಕ್ಷರ ತಿಳಿಯದಿದ್ದರೂ ತಾಳಮದ್ದಳೆ ಕೇಳಿ ಬೆಳೆದ ನಮಗೆ ಯಾರು ಸಿಕ್ಕಿಬಿದ್ದರು, ಯಾರು ಜಾರಿಕೊಂಡರು ಎಂಬುದು ಗೊತ್ತಾಗುತ್ತದೆ.

ಹಿಮಾಲಯದ ಹಳ್ಳಿಗಳಿಂದಲೂ ಹುಡುಗರು ಅಲ್ಲಿ ಓದಲು ಬರುತ್ತಾರೆ. ಹಿಂದಿಯಲ್ಲಿ ಮಾತಾಡಿಸಿ. ಸ್ಪಿತಿಯವನು ಯಾರಾದರೂ ಸಿಕ್ಕರೆ ಅವನ ಊರಿನ ಹೆಸರು ಬರೆದುಕೊಳ್ಳಿ, ಮನೆಗೆ ಏನಾದರೂ ಕಳಿಸುವುದಿದೆಯೇ ಎಂದು ಕೇಳಿ.