ರಾಗಿಮುದ್ದೆ ಹಿಡಿಯೋ ಆಟ ಮಾಡಿಸಿ

ಮೇಡಂ, ಭಾನುವಾರ ಮದ್ದೂರಿನ ಅಜ್ಜಿ ಮನೇಲಿ, ನೆಟ್ ಇಲ್ಲದೆ, ಹಳೇ ಲ್ಯಾಪ್‌ಟಾಪಿನಲ್ಲಿ 9 ವರ್ಷದ ಮಗಳಿಗೆ ದಿನಪೂರ್ತಿ ಏನು ಕೊಡೋದು ಅಂತ ಕೇಳಿದ್ರಲ್ಲ. ಶನಿವಾರವೇ ಮೈಸೂರಿನಲ್ಲಿ ವೈಫೈ ಇರುವಾಗ ಸ್ಕ್ರ್ಯಾಚ್ ಆ್ಯಪ್ ಇಳಿಸಿಕೊಳ್ಳಿ. ಆಜ್ಞೆಗಳ ಬ್ಲಾಕುಗಳನ್ನ ಜೋಡಿಸಿ ಮಕ್ಕಳೇ ಆಟ ಕಟ್ಟೋ ಪ್ರೋಗ್ರಾಮಿಂಗ್ ಆ್ಯಪ್ ಅದು. ಉಚಿತ, ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಇರಬೇಕು. ಇನ್‌ಸ್ಟಾಲ್ ಆದಮೇಲೆ ನೆಟ್ ಬೇಡ.

ಒಂದೇ ಆಟ ಸಾಕು: ಮೇಲಿಂದ ಬೀಳೋ ಮುದ್ದೆಯನ್ನ ತಟ್ಟೆಯಲ್ಲಿ ಹಿಡಿಯೋದು. ಕಾಸ್ಟ್ಯೂಮ್ಸ್ ಟ್ಯಾಬಿನಲ್ಲಿ ಎರಡರ ಚಿತ್ರವನ್ನೂ ಅವಳೇ ಬರೀಲಿ, ಅರ್ಧ ಬೆಳಗ್ಗೆ ಅದರಲ್ಲೇ ಕಳೆಯುತ್ತೆ. ತಟ್ಟೆಗೆ ಫಾರೆವರ್ (ಒಳಗಿರೋದನ್ನ ಮತ್ತೆ ಮತ್ತೆ ಮಾಡಿಸೋ ಬ್ಲಾಕ್) ಒಳಗೆ ‘ಸೆಟ್ ಎಕ್ಸ್ ಟು ಮೌಸ್ ಎಕ್ಸ್’, ಆಗ ಅದು ಮೌಸ್ ಹಿಂದೆ ಓಡಾಡುತ್ತೆ. ಎಕ್ಸ್ ಅಂದ್ರೆ ಅಡ್ಡಕ್ಕೆ ಎಲ್ಲಿದೆ, ವೈ ಅಂದ್ರೆ ಎಷ್ಟು ಎತ್ತರದಲ್ಲಿದೆ ಅಂತ. ಮುದ್ದೆ ಶುರುವಾಗೋದು ವೈ 170ರಿಂದ, ಎಕ್ಸ್ -220 ಮತ್ತು 220ರ ನಡುವೆ ಎಲ್ಲಾದರೂ. ಆಮೇಲೆ ಫಾರೆವರ್ ಒಳಗೆ ‘ಚೇಂಜ್ ವೈ ಬೈ -5’. ವೈ -170ಕ್ಕಿಂತ ಕೆಳಗಿಳಿದರೆ ಮತ್ತೆ ಮೇಲಕ್ಕೆ. ತಟ್ಟೆಗೆ ತಾಗಿದರೆ ಸ್ಕೋರ್ ಒಂದು ಏರಬೇಕು.

ಎಡವೋದು ಇಲ್ಲಿ: ತಟ್ಟೆಗೆ ತಾಗಿದೆಯಾ ಅಂತ ನೋಡೋ ‘ಟಚಿಂಗ್’ ಇರೋ ಇಫ್ ಬ್ಲಾಕನ್ನ ಫಾರೆವರ್ ಒಳಗಿಡದೆ ಅದಕ್ಕಿಂತ ಮುಂಚೆ ಇಟ್ಟರೆ ಅದು ಒಂದೇ ಸಲ ನೋಡಿ ಸುಮ್ಮನಾಗುತ್ತೆ. ಮುದ್ದೆ ಒಂದು, ಸ್ಕೋರ್ ಹತ್ತು ಏರಿತಾ? ಮುದ್ದೆ ತಟ್ಟೆಗೆ ತಾಗಿಕೊಂಡೇ ಇದೆ ಅಂತ ಅರ್ಥ. ಅಂಕ ಕೂಡಿದ ತಕ್ಷಣ ಅದನ್ನ ಮೇಲಕ್ಕೆ ಕಳಿಸಬೇಕು. ನೀವು ಸರಿಮಾಡಿ ಕೊಡೋಕೆ ಹೋಗ್ಬೇಡಿ, ಅವಳೇ ಹುಡುಕಲಿ. ಮಜಾ ಇರೋದೇ ಅಲ್ಲಿ.

ಮಧ್ಯಾಹ್ನ ಸೌಂಡ್ಸ್ ಟ್ಯಾಬಿನಲ್ಲಿ ಅಜ್ಜಿ ದನಿಯಲ್ಲಿ ‘ಇನ್ನೊಂದು ಹಾಕ್ಲಾ?’ ಅಂತ ರೆಕಾರ್ಡ್ ಮಾಡಿಸಿ. ಮುದ್ದೆ ಹಿಡಿದಾಗ ಅದು ಕೇಳಿಸೋಕೆ ‘ಸ್ಟಾರ್ಟ್ ಸೌಂಡ್’ ಬಳಸಿ; ‘ಪ್ಲೇ ಸೌಂಡ್ ಅಂಟಿಲ್ ಡನ್’ ಹಾಕಿದ್ರೆ ಮಾತು ಮುಗಿಯೋವರೆಗೂ ಮುದ್ದೆ ನಿಂತುಬಿಡುತ್ತೆ.

ಆ್ಯಪ್‌ನಲ್ಲಿ ತಾನಾಗೇ ಸೇವ್ ಆಗಲ್ಲ. ಕರೆಂಟ್ ಹೋಗಿ ಬ್ಯಾಟರಿ ಕೈಕೊಟ್ಟರೆ ಎಲ್ಲ ಮಾಯ. ಅವಳು ಊಟಕ್ಕೆ ಏಳೋ ಮುಂಚೆ ಫೈಲ್ ಮೆನುವಿನಲ್ಲಿ ‘ಸೇವ್ ಟು ಯುವರ್ ಕಂಪ್ಯೂಟರ್’ ಒತ್ತಿಸಿ.