ಓದುಗರ ಪ್ರಶ್ನೆ: ಪರೀಕ್ಷೆಗೆ ಬಾರದ ಪುಸ್ತಕವನ್ನು ಏಕೆ ಓದಬೇಕು?

ಪ್ರಶ್ನೆ: ನನ್ನ ಮಗ ಪಿಯುಸಿ ಮೊದಲ ವರ್ಷದಲ್ಲಿದ್ದಾನೆ. ಕಥೆ ಪುಸ್ತಕ ತಂದುಕೊಟ್ಟರೆ ‘ಇದು ಪರೀಕ್ಷೆಗೆ ಬರುತ್ತದೆಯೇ?’ ಎಂದು ಕೇಳಿ ಬದಿಗಿಡುತ್ತಾನೆ. ‘ನಮ್ಮವರು ಓದದೆಯೇ ಜಾಣರು ಎಂದು ಕವಿರಾಜಮಾರ್ಗದಲ್ಲೇ ಬರೆದಿದೆ’ ಎಂದು ನಮ್ಮ ಮಾವನವರು ಅವನ ಪರ ನಿಲ್ಲುತ್ತಾರೆ. ನಾನೇನು ಹೇಳಲಿ?
– ಓದುಗಿ, ಸೇಡಂ ತಾಲೂಕು

ಉತ್ತರ: ಮಾವನವರು ನೆನಪಿಸಿದ ಮಾತು ನಿಮ್ಮ ತಾಲೂಕಿನದೇ. ಕಾಗಿಣಾ ದಂಡೆಯ ಮಳಖೇಡವು ಮಾನ್ಯಖೇಟವೆಂಬ ಹೆಸರಿನಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವದು. ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’, ಅಂದರೆ ಪಟ್ಟಾಗಿ ಕೂತು ಓದದೆಯೂ ಕಾವ್ಯದ ಬಳಕೆಯಲ್ಲಿ ನುರಿತವರು, ಎಂಬ ಸಾಲು ಎಲ್ಲರ ಬಾಯಲ್ಲೂ ಇದೆ. ಆದರೆ ಅದೇ ಪದ್ಯದ ಆರಂಭವನ್ನು ನೆನೆಯುವವರು ಕಡಿಮೆ. ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಂ’ ಬಲ್ಲವರು ಈ ನಾಡವರು ಎನ್ನುತ್ತದೆ ಅದು. ಅಂದರೆ ಹದವರಿತು ಮಾತನಾಡಬಲ್ಲವರು, ಇನ್ನೊಬ್ಬರು ಆಡಿದ್ದನ್ನು ತಿಳಿದು ತೂಗಿ ನೋಡಬಲ್ಲವರು. ಓದು ಬೇಡವೆಂಬುದು ಕವಿಯ ಅಭಿಪ್ರಾಯವಾಗಿದ್ದರೆ, ಕಾವ್ಯ ಕಟ್ಟುವ ಬಗೆಯನ್ನು ಕಲಿಸಲು ಆತ ಒಂದು ಗ್ರಂಥವನ್ನೇ ಬರೆಯುತ್ತಿರಲಿಲ್ಲ, ತನಗಿಂತ ಹಿಂದಿನ ಗದ್ಯಕಾರರನ್ನೂ ಕವಿಗಳನ್ನೂ ಹೆಸರು ಹಿಡಿದು ನೆನೆಯುತ್ತಲೂ ಇರಲಿಲ್ಲ.

ಅಕ್ಷರ ಬಾರದವರಿಗೂ ಆ ಹದ ಬಂದದ್ದು ಕೇಳಿ ಕೇಳಿ. ನಮ್ಮ ಭಾಗದ ಬೀಸುಕಲ್ಲಿನ ಪದ, ಬಯಲಾಟ, ಮಠದ ಪುರಾಣ, ಮೊಹರಂನ ರಿವಾಯತ್ ಹಾಡು ಇವೆಲ್ಲ ಕಿವಿಯ ಪುಸ್ತಕಗಳೇ ಆಗಿದ್ದವು. ನಿಮ್ಮ ಮಗನಿಗೆ ಅವು ಎಷ್ಟು ದಕ್ಕಿವೆ ಎಂದು ಮಾವನವರನ್ನೇ ಕೇಳಿ. ದಕ್ಕದಿದ್ದರೆ ಆ ಜಾಗವನ್ನು ತುಂಬಲು ಪುಸ್ತಕವೇ ಬೇಕು.

ಲಾಭದ ಮಾತು ಆಮೇಲೆ, ಮೊದಲು ಸುಖದ ಮಾತು. ನನ್ನ ಬಾಲ್ಯದ ಕಲಬುರಗಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗುತ್ತಿರಲಿಲ್ಲ. ಪಡಸಾಲೆಯ ಶಹಾಬಾದಿ ಪರಸಿಯ ಮೇಲೆ ನೀರು ಚಿಮುಕಿಸಿ, ಹೊಟ್ಟೆ ಅಡಿಯಾಗಿ ಮಲಗಿ, ನೆರೆಮನೆಯಿಂದ ಎರವಲು ತಂದ ಕಾದಂಬರಿಯೊಂದನ್ನು ಓದಿದೆ. ಕೊನೆಯ ಹಾಳೆಗಳು ಹರಿದುಹೋಗಿದ್ದವು. ಮನೆ ಬಿಟ್ಟು ಹೋದ ಆ ಕಥೆಯ ಹುಡುಗ ಮರಳಿದನೋ ಇಲ್ಲವೋ ಎಂದು ಇಡೀ ಬೇಸಿಗೆ ಯೋಚಿಸಿದೆ. ಒಂದು ದಿನ ಅವನನ್ನು ವಾಡಿ ಜಂಕ್ಷನ್‌ನಲ್ಲಿ ಇಳಿಸಿದೆ, ಮರುದಿನ ಅವನ ತಾಯಿಯನ್ನೇ ಅವನಿದ್ದಲ್ಲಿಗೆ ಕಳಿಸಿದೆ. ಯಾರೂ ನನ್ನನ್ನು ಅದರ ಮೇಲೆ ಪ್ರಶ್ನೆ ಕೇಳಲಿಲ್ಲ, ಅಂಕ ಕೊಡಲಿಲ್ಲ. ಆದರೂ ಶಾಲೆಯ ಎಷ್ಟೋ ಪಾಠ ಮರೆತುಹೋದ ಮೇಲೂ ಆ ಹುಡುಗ ನನ್ನೊಳಗೆ ಉಳಿದಿದ್ದಾನೆ.

ಇನ್ನು ಪರೀಕ್ಷೆ. ಮನೆಯಲ್ಲಿ ‘ಖರೆ’, ‘ಬರಾಬ್ಬರಿ’ ಎನ್ನುವ ಮಗುವಿಗೆ ಪಠ್ಯದ ಕನ್ನಡ ಅರ್ಧ ಪರಭಾಷೆಯಂತೆ ಕಾಣುತ್ತದೆ. ನಮ್ಮ ಮಾತು ಕೀಳೆಂದು ನಾನು ಎಂದೂ ಒಪ್ಪುವುದಿಲ್ಲ. ಆದರೆ ನಾಲ್ಕು ಸಾಲಿನ ಒಂದು ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಎಳೆ ತಪ್ಪದಂತೆ ಹಿಡಿದಿಟ್ಟುಕೊಳ್ಳುವುದು ಓದುತ್ತ ಓದುತ್ತಲೇ ರೂಢಿಯಾಗುವ ವಿದ್ಯೆ. ಅರ್ಥವಾಗದಿದ್ದರೆ ಪುಸ್ತಕ ಕಾಯುತ್ತದೆ, ಹಿಂದಿನ ಸಾಲಿಗೆ ಮರಳಲು ಬಿಡುತ್ತದೆ. ಆ ರೂಢಿ ಇರುವವನಿಗೆ ಪ್ರಶ್ನೆಪತ್ರಿಕೆಯ ಉದ್ದನೆಯ ಪ್ರಶ್ನೆ ಗಾಬರಿ ಹುಟ್ಟಿಸುವುದಿಲ್ಲ.

‘ಓದು’ ಎಂದು ಹೇಳುವುದನ್ನು ಬಿಡಿ. ರಾತ್ರಿ ಊಟವಾದ ಮೇಲೆ ನೀವೇ ಐದು ಪುಟ ಗಟ್ಟಿಯಾಗಿ ಓದಿ, ಮಾವನವರನ್ನೂ ಕೂರಿಸಿಕೊಳ್ಳಿ, ಕಥೆ ಬಿಗಿಯಾದಲ್ಲಿ ಪುಸ್ತಕ ಮಡಚಿ ಮಲಗಿ. ಮುಂದೇನಾಯಿತೆಂದು ತಿಳಿಯಲು ಅವನೇ ಅದನ್ನು ಕೈಗೆತ್ತಿಕೊಳ್ಳುವ ದಿನಕ್ಕಾಗಿ ಕಾಯಿರಿ. ಪುಸ್ತಕ ಕೊಳ್ಳಲೇಬೇಕೆಂದಿಲ್ಲ, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಿಚಾರಿಸಿ.

ಪ್ರಶ್ನೆ: ನಿವೃತ್ತನಾಗಿದ್ದೇನೆ. ಬೆಳಿಗ್ಗೆ ಗವಾನ್ ಮದರಸಾದ ಕಡೆಗೆ ವಾಯುವಿಹಾರಕ್ಕೆ ಹೋಗುತ್ತೇನೆ. ಮಧ್ಯಾಹ್ನ ಪುಸ್ತಕ ಹಿಡಿದರೆ ಎರಡು ಪುಟಕ್ಕೇ ನಿದ್ದೆ ಬರುತ್ತದೆ. ಈ ವಯಸ್ಸಿನಲ್ಲಿ ಓದು ಹತ್ತುವುದೇ?
– ಓದುಗ, ಬೀದರ್

ಉತ್ತರ: ಖಂಡಿತ ಹತ್ತುತ್ತದೆ, ಹೊತ್ತು ಬದಲಿಸಿ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಆ ಮದರಸಾದಲ್ಲಿ, ಅಂದರೆ ವಿದ್ಯಾಲಯದಲ್ಲಿ, ಗ್ರಂಥಾಲಯವೂ ಇತ್ತು, ಗುರುಗಳು ಮತ್ತು ವಿದ್ಯಾರ್ಥಿಗಳು ವಾಸಿಸಲು ಕೋಣೆಗಳೂ ಇದ್ದವು. ಅಲ್ಲಿ ಓದೇ ದಿನದ ಕೆಲಸವಾಗಿತ್ತು, ಉಂಡ ಮೇಲಿನ ವಿಶ್ರಾಂತಿಯಾಗಿರಲಿಲ್ಲ. ನಡಿಗೆ ಮುಗಿದೊಡನೆ ಹತ್ತಿರದಲ್ಲೇ ನೆರಳಿರುವ ಕಡೆ ಕುಳಿತು, ದಪ್ಪ ಅಕ್ಷರದ ಕಥಾಸಂಕಲನದಿಂದ ಒಂದೇ ಒಂದು ಸಣ್ಣ ಕಥೆಯನ್ನು ಓದಿ ಎದ್ದುಬಿಡಿ. ಕಾದಂಬರಿಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.